ಗಡುವಿನ ರಾತ್ರಿ ಫೋಟೊ ಲ್ಯಾಬ್: ಮ್ಯಾಗಜಿನ್ ಮುದ್ರಣಕ್ಕೆ ಚಿತ್ರ ಸಿದ್ಧಪಡಿಸುವ ಕ್ರಮ

ಮೊದಲ ಚಿತ್ರ ತೆರೆಯುವ ಮುಂಚೆ ಮುದ್ರಣಾಲಯಕ್ಕೊಂದು, ಪುಟ ವಿನ್ಯಾಸಕರಿಗೊಂದು ಫೋನ್ ಮಾಡಿ. ಕೈಯಲ್ಲಿ ಆರೇ ಗಂಟೆ ಇರುವಾಗ ಹತ್ತು ನಿಮಿಷ ಮಾತಿಗೆ ಹೋಯಿತಲ್ಲ ಎಂದು ಜೀವ ಚಡಪಡಿಸುತ್ತದೆ, ನಿಜ. ಆದರೆ ಲ್ಯಾಬಿನಲ್ಲಿ ಹೊತ್ತು ತಿನ್ನುವ ದೊಡ್ಡ ಬಾಬತ್ತು ಮುಗಿದ ಚಿತ್ರವನ್ನು ಮತ್ತೆ ಮೊದಲಿನಿಂದ ಮಾಡುವುದು. ಕಾಗದ ಯಾವುದೆಂದು ಗೊತ್ತಿಲ್ಲದೆ ಸಿಎಂವೈಕೆಗೆ, ಅಂದರೆ ಮುದ್ರಣದ ನಾಲ್ಕು ಇಂಕಿನ (ಸಯಾನ್ ಎಂಬ ಹಸಿರುನೀಲಿ, ಮಜೆಂಟಾ ಎಂಬ ಕಡುಗುಲಾಬಿ, ಹಳದಿ, ಕಪ್ಪು) ಲೆಕ್ಕಕ್ಕೆ ತಿರುಗಿಸಿದ ನಲವತ್ತು ಚಿತ್ರಗಳು, ಅಳತೆ ಬರುವ ಮೊದಲೇ ಶಾರ್ಪ್ ಮಾಡಿಟ್ಟ (ಅಂಚುಗಳನ್ನು ಚುರುಕುಗೊಳಿಸಿದ) ಮುಖಪುಟ: ಇವೆರಡರಲ್ಲಿ ಯಾವುದೊಂದು ನಡೆದರೂ ರಾತ್ರಿ ಕೈತಪ್ಪಿತು ಎಂದೇ ಲೆಕ್ಕ. ಈ ಕೆಲಸದಲ್ಲಿ ವೇಗ ಬರುವುದು ಸರದಿಯಿಂದ. ಯಾವುದರ ನಂತರ ಯಾವುದು ಎಂಬುದು ಸರಿಯಾಗಿದ್ದರೆ ಕೈ ನಿಧಾನವಾಗಿದ್ದರೂ ಗಡುವು ಸಿಗುತ್ತದೆ.

ಫೋನಿನಲ್ಲಿ ಕೇಳಿ ಬರೆದುಕೊಳ್ಳಬೇಕಾದದ್ದು ಇಷ್ಟು:

- ಒಳಪುಟದ ಕಾಗದ ಯಾವುದು, ಮುಖಪುಟದ್ದು ಯಾವುದು, ಎರಡಕ್ಕೂ ಐಸಿಸಿ ಪ್ರೊಫೈಲ್ (ಆ ಪ್ರೆಸ್ಸಿನಲ್ಲಿ, ಆ ಕಾಗದದಲ್ಲಿ ಬಣ್ಣ ಹೇಗೆ ಬರುತ್ತದೆ ಎಂದು ಹೇಳುವ ಫೈಲು) ಯಾವುದು. ಎರಡೂ ಒಂದೇ ಎಂದು ಊಹಿಸಬೇಡಿ. ಮುಖಪುಟ ದಪ್ಪ ಆರ್ಟ್ ಪೇಪರಿನ ಮೇಲೆ ಬಿಡಿ ಹಾಳೆಯ ಶೀಟ್ ಮೆಷಿನ್ನಿನಲ್ಲಿ, ಒಳಪುಟ ತೆಳು ಕಾಗದದ ಮೇಲೆ ಕಾಗದದ ಸುರುಳಿ ಓಡುವ ವೆಬ್ ಮೆಷಿನ್ನಿನಲ್ಲಿ ಅಚ್ಚಾಗುವುದು ಸಾಮಾನ್ಯ.
- ಒಟ್ಟು ಇಂಕ್ ಮಿತಿ, ಅಂದರೆ ಒಂದೇ ಜಾಗದಲ್ಲಿ ನಾಲ್ಕು ಇಂಕೂ ಸೇರಿ ಬೀಳಬಹುದಾದ ಗರಿಷ್ಠ, ಎಷ್ಟು ಶೇಕಡಾ.
- ಮುದ್ರಣದ ಸ್ಕ್ರೀನ್ (ಚಿತ್ರವನ್ನು ಚುಕ್ಕಿಗಳ ಸಾಲಾಗಿ ಒಡೆಯುವ ಜಾಲ) ಇಂಚಿಗೆ ಎಷ್ಟು ಗೆರೆ: 133, 150, 175?
- ಪ್ರತಿ ಚಿತ್ರದ ಅಳತೆ ಮಿಲಿಮೀಟರಿನಲ್ಲಿ, ಬ್ಲೀಡ್ (ಕತ್ತರಿಸುವ ಗೆರೆಯ ಹೊರಗೆ ಬಿಡುವ ಹೆಚ್ಚುವರಿ ಅಂಚು) ಸೇರಿಸಿ.
- ಸಿಎಂವೈಕೆಗೆ ತಿರುಗಿಸುವವರು ಯಾರು, ನಾವೋ ಅವರೋ?
- ಗಡುವು ಅಂದರೆ ಫೈಲು ಹೊರಡುವ ಹೊತ್ತೋ, ತಲುಪಿ ತೆರೆದು ನೋಡಿಯಾಗಿರಬೇಕಾದ ಹೊತ್ತೋ?

ಉತ್ತರಗಳನ್ನು ಒಂದೇ ಹಾಳೆಯಲ್ಲಿ ಬರೆದು ಎಲ್ಲರ ಕಣ್ಣಿಗೆ ಬೀಳುವಂತೆ ಗೋಡೆಗೆ ಅಂಟಿಸಿ. ಒಬ್ಬರ ಮೇಲ್‌ನಲ್ಲಿ ಮಾತ್ರ ಇರುವ ಮಾಹಿತಿ ಪಕ್ಕದ ಮೇಜಿನವರಿಗೆ ಇಲ್ಲದ ಮಾಹಿತಿಯೇ.

ಗಡುವಿನಿಂದ ಹಿಂದಕ್ಕೆ ಲೆಕ್ಕ

ಗಡುವಿನಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ. ಒಂದು ಉದಾಹರಣೆ: ಇಬ್ಬರು ಕೆಲಸಗಾರರು, ಆರು ಗಂಟೆ, 40 ಚಿತ್ರ. ಅದರಲ್ಲಿ 1 ಮುಖಪುಟ, 4 ಜೋಡಿಪುಟ (ಎದುರುಬದುರು ಎರಡು ಪುಟ ತುಂಬುವ ಚಿತ್ರ), 10 ಪೂರ್ಣಪುಟ, 25 ಸಣ್ಣವು. ಕಾಪಿ ಮತ್ತು ಆಯ್ಕೆಗೆ 40 ನಿಮಿಷ, ಕ್ರಾಪ್ ಮತ್ತು ಅಳತೆಗೆ 30. ಮುಖಪುಟಕ್ಕೆ 40 ನಿಮಿಷ, ಜೋಡಿಪುಟ ಒಂದಕ್ಕೆ 20, ಪೂರ್ಣಪುಟಕ್ಕೆ 8, ಸಣ್ಣದಕ್ಕೆ 3. ಈ ತಿದ್ದುವ ಕೆಲಸವೆಲ್ಲ ಕೂಡಿದರೆ 275 ನಿಮಿಷ, ಇಬ್ಬರಲ್ಲಿ ಹಂಚಿದರೆ ಸುಮಾರು 140. ಸಿಎಂವೈಕೆಗೆ ತಿರುಗಿಸುವ ಮತ್ತು ಶಾರ್ಪನಿಂಗ್ ಬ್ಯಾಚಿಗೆ 20, ಪ್ರೂಫ್ (ಅಚ್ಚಿಗೆ ಮುಂಚಿನ ಪರೀಕ್ಷಾ ಪ್ರಿಂಟ್) ಮತ್ತು ಅದರ ತಿದ್ದುಪಡಿಗೆ 60, ಕಳಿಸುವುದಕ್ಕೆ 30. ಒಟ್ಟು 320 ನಿಮಿಷವಾಯಿತು, ಉಳಿದದ್ದು 40. ಆ 40 ನಿಮಿಷವನ್ನು ಯಾವ ಚಿತ್ರಕ್ಕೂ ಮೊದಲೇ ಬರೆದುಕೊಡಬೇಡಿ. ಕೊನೆಯ ಗಳಿಗೆಯಲ್ಲಿ ಬದಲಾಗುವ ಒಂದು ಜೋಡಿಪುಟ ಅದನ್ನು ತಾನಾಗಿಯೇ ಬಂದು ತೆಗೆದುಕೊಳ್ಳುತ್ತದೆ.

ದೊಡ್ಡ ಚಿತ್ರಗಳು ಮೊದಲು, ಸಣ್ಣವು ಕೊನೆಗೆ. ಸುಲಭದ್ದನ್ನು ಮುಗಿಸಿ ಎಣಿಕೆ ಹೆಚ್ಚಿಸಿಕೊಳ್ಳೋಣ ಅನ್ನಿಸುವುದು ಸಹಜ, ಆದರೆ ಹಾಗೆ ಮಾಡಿದರೆ ಮುಖಪುಟ ದಣಿದ ಕಣ್ಣಿಗೆ ಸಿಗುತ್ತದೆ. ಇನ್ನೊಂದು ಮಾತು: ಒಂದು ಲೇಖನದ ಎಲ್ಲ ಚಿತ್ರಗಳನ್ನೂ ಒಬ್ಬರೇ, ಒಂದೇ ಸ್ಕ್ರೀನಿನಲ್ಲಿ ಮಾಡಲಿ. ಪುಟ 32ರಲ್ಲಿ ಕೆಂಪಗಿದ್ದ ಮುಖ ಪುಟ 34ರಲ್ಲಿ ಹಳದಿಯಾದರೆ ಓದುಗರಿಗೆ ತಕ್ಷಣ ಗೊತ್ತಾಗುತ್ತದೆ.

ಕಾಪಿ, ಹೆಸರು, ಆಯ್ಕೆ

ಕಾರ್ಡ್ ಬಂದ ಕೂಡಲೇ ಅದರ ಲಾಕ್ ಸ್ವಿಚ್ ಒತ್ತಿ, ಎರಡು ಬೇರೆ ಬೇರೆ ಡಿಸ್ಕಿಗೆ ಕಾಪಿ ಮಾಡಿ. ಫೈಲುಗಳ ಸಂಖ್ಯೆ ಮತ್ತು ಒಟ್ಟು ಗಾತ್ರ ಎರಡೂ ಕಡೆ ತಾಳೆಯಾಗಬೇಕು. ಚೆಕ್‌ಸಮ್ (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಹೋಲಿಸುವ ಕಾಪಿ ಸಾಫ್ಟ್‌ವೇರ್ ಇದ್ದರೆ ಇನ್ನೂ ಒಳ್ಳೆಯದು. ಸಂಚಿಕೆ ಅಚ್ಚಾಗಿ ಕೈಗೆ ಬರುವವರೆಗೆ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಡಿ. ಮೂಲ ಫೈಲುಗಳ ಫೋಲ್ಡರನ್ನು ಓದಲು ಮಾತ್ರ ಬರುವಂತೆ ಇಟ್ಟುಬಿಡಿ, ಅವಸರದಲ್ಲಿ ಅದರ ಮೇಲೆಯೇ ಸೇವ್ ಒತ್ತುವ ಅಪಾಯ ತಪ್ಪುತ್ತದೆ.

ಹೆಸರಿನಲ್ಲಿ ಸಂಚಿಕೆ, ಪುಟ, ವಿಷಯದ ಒಂದು ಪದ, ಆವೃತ್ತಿ ಸಂಖ್ಯೆ ಈ ಸರದಿಯಲ್ಲಿ ಬರಲಿ. ಪುಟಸಂಖ್ಯೆಗೆ ಮೂರು ಅಂಕಿ ಕೊಡಿ: 7 ಅಲ್ಲ, 007. ಆಗ ಪಟ್ಟಿ ಪುಟದ ಕ್ರಮದಲ್ಲೇ ನಿಲ್ಲುತ್ತದೆ. ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಬಿಟ್ಟು ಇನ್ನೇನೂ ಬೇಡ, ಖಾಲಿ ಜಾಗವೂ ಬೇಡ. ‘ಫೈನಲ್’ ಎಂಬ ಪದವನ್ನು ಫೈಲಿನ ಹೆಸರಿನಲ್ಲಿ ಬಳಸಲೇಬೇಡಿ. ಒಂದು ಫೈನಲ್ ಇದ್ದ ಕಡೆ ಅರ್ಧ ಗಂಟೆಯಲ್ಲಿ ಇನ್ನೊಂದು ಹುಟ್ಟುತ್ತದೆ, ಆಮೇಲೆ ಪುಟಕ್ಕೆ ಯಾವುದು ಹೋಯಿತು ಎಂದು ಹುಡುಕುತ್ತಾ ಕೂರಬೇಕು. ಛಾಯಾಗ್ರಾಹಕರ ಹೆಸರು, ಶೀರ್ಷಿಕೆ, ಹಕ್ಕಿನ ವಿವರಗಳನ್ನು ಐಪಿಟಿಸಿ ಮೆಟಾಡೇಟಾದಲ್ಲಿ (ಚಿತ್ರದ ಫೈಲಿನೊಳಗೇ ಕೂರುವ ವಿವರಪಟ್ಟಿಯಲ್ಲಿ) ಈ ಹಂತದಲ್ಲೇ ಒಟ್ಟಿಗೆ ತುಂಬಿ. ಕೊನೆಗೆ ಎಂದು ಬಿಟ್ಟದ್ದು ಉಳಿದೇ ಹೋಗುತ್ತದೆ.

ಆಯ್ಕೆಯಲ್ಲಿ ಲ್ಯಾಬಿನ ಪಾತ್ರ ಚಿಕ್ಕದಾದರೂ ಮುಖ್ಯ. ಸಂಪಾದಕರು ಸಣ್ಣ ಥಂಬ್‌ನೇಲ್ ನೋಡಿ ಆರಿಸಿರುತ್ತಾರೆ. ನೀವು 100% ಹಿಗ್ಗಿಸಿ ಫೋಕಸ್ ಕಣ್ಣಿನ ಮೇಲಿದೆಯೋ ಕಿವಿಯ ಮೇಲಿದೆಯೋ ನೋಡಿ. ಜೋಡಿಪುಟಕ್ಕೆ ಆಗದ ಚಿತ್ರ ಕಾಲುಪುಟಕ್ಕೆ ಧಾರಾಳವಾಗಿ ಆಗಬಹುದು. ಅದನ್ನು ಪುಟ ಕಟ್ಟುವ ಮುಂಚೆಯೇ ಹೇಳಿಬಿಡಿ.

ಫಿಲ್ಮ್ ಬಂದರೆ

ಫಿಲ್ಮಿನ ರಸಾಯನಕ್ಕೆ ನಿಮ್ಮ ಗಡುವು ಗೊತ್ತಿಲ್ಲ. ಸಿ-41 ವಿಧಾನದಲ್ಲಿ ತೊಳೆಯುವ ಕಲರ್ ನೆಗೆಟಿವ್‌ಗೆ ಡೆವಲಪರ್ 37.8 ಡಿಗ್ರಿ ಸೆಲ್ಸಿಯಸ್, 3 ನಿಮಿಷ 15 ಸೆಕೆಂಡ್. ಇ-6 ವಿಧಾನದ ಸ್ಲೈಡಿಗೆ ಮೊದಲ ಡೆವಲಪರ್ 38 ಡಿಗ್ರಿ, 6 ನಿಮಿಷ. ಇದರಲ್ಲಿ ಉಳಿಸಿಕೊಳ್ಳಲು ಏನೂ ಇಲ್ಲ. ಎಕ್ಸ್‌ಪೋಷರ್ ಬಗ್ಗೆ ಅನುಮಾನವಿದ್ದರೆ ರೋಲಿನ ತುದಿಯಿಂದ ಕೆಲವು ಫ್ರೇಮ್ ಕತ್ತರಿಸಿ ಅಷ್ಟನ್ನೇ ಮೊದಲು ತೊಳೆದು ನೋಡಿ, ಉಳಿದದ್ದಕ್ಕೆ ಸಮಯ ಹೆಚ್ಚಿಸಬೇಕೋ ತಗ್ಗಿಸಬೇಕೋ ಆಮೇಲೆ ನಿರ್ಧರಿಸಿ. ಸ್ಲೈಡ್ ಫಿಲ್ಮಿಗೆ ಇದು ಬಹಳ ಮುಖ್ಯ, ಅರ್ಧ ಸ್ಟಾಪಿನ (ಒಂದು ಸ್ಟಾಪ್ ಅಂದರೆ ಎರಡರಷ್ಟು ಬೆಳಕು) ವ್ಯತ್ಯಾಸವೂ ಅದರಲ್ಲಿ ಎದ್ದು ಕಾಣುತ್ತದೆ.

ಒಣಗಿಸುವಾಗಲೂ ಶಾಖ ಏರಿಸಬೇಡಿ. 1944ರ ಜೂನ್‌ನಲ್ಲಿ ಫ್ರಾನ್ಸಿನ ನಾರ್ಮಂಡಿ ತೀರದಿಂದ ಯುದ್ಧ ಛಾಯಾಗ್ರಾಹಕ ರಾಬರ್ಟ್ ಕಾಪಾ ಕಳಿಸಿದ ಫಿಲ್ಮುಗಳು ‘ಲೈಫ್’ ಪತ್ರಿಕೆಯ ಲಂಡನ್ ಡಾರ್ಕ್‌ರೂಮಿನಲ್ಲಿ ಗಡುವಿನ ಒತ್ತಡಕ್ಕೆ ಸಿಕ್ಕು, ಒಣಗಿಸುವ ಕಪಾಟಿನ ಶಾಖಕ್ಕೆ ಎಮಲ್ಷನ್ (ಫಿಲ್ಮಿನ ಮೇಲಿನ ಚಿತ್ರದ ಪದರ) ಕರಗಿ ಹಾಳಾದವು ಎಂಬ ಕಥೆ ದಶಕಗಳ ಕಾಲ ಎಲ್ಲ ಲ್ಯಾಬುಗಳಲ್ಲೂ ಓಡಾಡಿತು. ಈಚಿನ ಸಂಶೋಧಕರು ಆ ಕಥೆಯನ್ನು ಒಪ್ಪುವುದಿಲ್ಲ. ದಿನನಿತ್ಯ ಕಾಣುವ ತೊಂದರೆ ಇಷ್ಟು ನಾಟಕೀಯವಲ್ಲ: ಹೆಚ್ಚು ಶಾಖದಲ್ಲಿ ಒಣಗಿದ ಫಿಲ್ಮ್ ಸುರುಳಿಯಾಗುತ್ತದೆ, ಹೋಲ್ಡರಿನಲ್ಲಿ ಚಪ್ಪಟೆಯಾಗಿ ಕೂರುವುದಿಲ್ಲ, ಸ್ಕ್ಯಾನಿನ ಅಂಚು ಫೋಕಸ್ ತಪ್ಪುತ್ತದೆ. ಉಳಿಸಿದ ಹತ್ತು ನಿಮಿಷ ಎರಡನೇ ಸ್ಕ್ಯಾನಿಗೆ ಹೋಗುತ್ತದೆ.

36×24 ಮಿ.ಮೀ. ಫ್ರೇಮನ್ನು 4000 ಪಿಪಿಐನಲ್ಲಿ (ಇಂಚಿಗೆ 4000 ಪಿಕ್ಸೆಲ್) ಸ್ಕ್ಯಾನ್ ಮಾಡಿದರೆ ಸುಮಾರು 5669×3780 ಪಿಕ್ಸೆಲ್ ಸಿಗುತ್ತದೆ, ಜೋಡಿಪುಟಕ್ಕೆ ಸಾಕು. 16 ಬಿಟ್‌ನಲ್ಲೇ (ಪ್ರತಿ ಬಣ್ಣಕ್ಕೂ ಹೆಚ್ಚು ಸೂಕ್ಷ್ಮ ಮೆಟ್ಟಿಲುಗಳು) ಇಟ್ಟುಕೊಳ್ಳಿ. ಇನ್‌ಫ್ರಾರೆಡ್ ಬಳಸಿ ಧೂಳು ತೆಗೆಯುವ ಸೌಲಭ್ಯ ಕಲರ್ ಫಿಲ್ಮಿಗೆ ವರದಾನ, ಆದರೆ ಸಾಂಪ್ರದಾಯಿಕ ಕಪ್ಪುಬಿಳುಪು ಫಿಲ್ಮಿಗೆ ಅದನ್ನು ಹಚ್ಚಬೇಡಿ. ಅದರಲ್ಲಿ ಉಳಿದಿರುವ ಬೆಳ್ಳಿಯೇ ಇನ್‌ಫ್ರಾರೆಡ್ ಬೆಳಕನ್ನು ತಡೆಯುತ್ತದೆ, ಸ್ಕ್ಯಾನರು ಚಿತ್ರವನ್ನೇ ಧೂಳೆಂದು ತಿಳಿಯುತ್ತದೆ. ಅದಕ್ಕೆ ಬ್ಲೋವರ್, ಮೆತ್ತನೆಯ ಬ್ರಷ್, ಆಮೇಲೆ ಸಾಫ್ಟ್‌ವೇರಿನಲ್ಲಿ ಕೈಯಿಂದ ಹೀಲಿಂಗ್ ಬ್ರಷ್.

ಕಣ್ಣು ಮತ್ತು ಸ್ಕ್ರೀನು

ಮಾನಿಟರನ್ನು ಕೆಲಸಕ್ಕೆ ಅರ್ಧ ಗಂಟೆ ಮುಂಚೆ ಆನ್ ಮಾಡಿಡಿ. ಹೊಳಪು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಒಳಗಿರಲಿ. ಅಚ್ಚಾದ ಪುಟ ಕಪ್ಪಗೆ ಬಂತು ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ತೀರಾ ಬೆಳಗುವ ಸ್ಕ್ರೀನು. ಹೊಸ ಮಾನಿಟರುಗಳು ಪೆಟ್ಟಿಗೆಯಿಂದ ಬರುವಾಗ ಇದರ ಎರಡು ಮೂರು ಪಟ್ಟು ಹೊಳಪಿನಲ್ಲಿರುತ್ತವೆ, ಅದರಲ್ಲಿ ಸರಿಯಾಗಿ ಕಂಡ ಚಿತ್ರ ಕಾಗದದ ಮೇಲೆ ಮಂಕಾಗಲೇಬೇಕು. ಹಾರ್ಡ್‌ವೇರ್ ಕ್ಯಾಲಿಬ್ರೇಟರಿನಿಂದ (ಸ್ಕ್ರೀನಿನ ಬಣ್ಣ ಅಳೆಯುವ ಉಪಕರಣದಿಂದ) ತಿಂಗಳಿಗೊಮ್ಮೆಯಾದರೂ ಸರಿಪಡಿಸಿ. ಡೆಸ್ಕ್‌ಟಾಪಿನ ಹಿನ್ನೆಲೆ ನಡುಬೂದು ಬಣ್ಣದ್ದಿರಲಿ. ಪ್ರೂಫ್ ನೋಡುವ ದೀಪ ಡಿ50 (ಮುದ್ರಣದ ಬಣ್ಣ ನೋಡಲು ಗೊತ್ತುಪಡಿಸಿದ ಹಗಲಿನಂಥ ಬೆಳಕು) ಆಗಿರಬೇಕು. ಟ್ಯೂಬ್‌ಲೈಟಿನ ಕೆಳಗೆ ಪ್ರೂಫ್ ನೋಡಿ ಮಜೆಂಟಾ ತಗ್ಗಿಸುವುದು ಕುರುಡಾಗಿ ಕತ್ತರಿ ಆಡಿಸಿದಂತೆ.

ಮೂರು ಗಂಟೆಯ ನಂತರ ಕಣ್ಣು ಸುಳ್ಳು ಹೇಳಲು ಶುರುಮಾಡುತ್ತದೆ. ಹಸಿರು ಛಾಯೆಯ ಚಿತ್ರವನ್ನು ಹತ್ತು ನಿಮಿಷ ನೋಡಿದರೆ ಅದೇ ಸರಿ ಅನ್ನಿಸುತ್ತದೆ. ಅದಕ್ಕೇ ಚೆನ್ನಾಗಿ ಅಚ್ಚಾದ ಹಳೆಯ ಚಿತ್ರವೊಂದನ್ನು ಸ್ಕ್ರೀನಿನ ಮೂಲೆಯಲ್ಲಿ ತೆರೆದಿಟ್ಟುಕೊಳ್ಳಿ. ಅನುಮಾನ ಬಂದಾಗ ಚಿತ್ರ ತಿದ್ದುವ ಸಾಫ್ಟ್‌ವೇರಿನ ಇನ್ಫೊ ಪ್ಯಾಲೆಟ್ಟಿನ (ಕರ್ಸರ್ ಇಟ್ಟ ಜಾಗದ ಬಣ್ಣವನ್ನು ಅಂಕಿಯಲ್ಲಿ ತೋರಿಸುವ ಕಿಟಕಿಯ) ಅಂಕಿಗಳನ್ನು ನಂಬಿ.

ಪಿಕ್ಸೆಲ್ ಲೆಕ್ಕ

ಫೈಲಿನಲ್ಲಿ 72 ಎಂದಿದೆಯೋ 300 ಎಂದಿದೆಯೋ ಎಂಬುದಕ್ಕೆ ಅರ್ಥವಿಲ್ಲ. ಒಟ್ಟು ಪಿಕ್ಸೆಲ್ ಎಷ್ಟು, ಅದು ಎಷ್ಟು ಇಂಚಿಗೆ ಹರಡುತ್ತದೆ, ಅಷ್ಟೇ ಲೆಕ್ಕ. ಬೇಕಾದ ರೆಸಲ್ಯೂಷನ್ ಮುದ್ರಣದ ಸ್ಕ್ರೀನಿನ ಗೆರೆಗಳ ಎರಡರಷ್ಟು. 150 ಗೆರೆಗೆ 300 ಪಿಪಿಐ, 175ಕ್ಕೆ 350. ಒಂದೂವರೆ ಪಟ್ಟಿನವರೆಗೆ, ಅಂದರೆ 225 ಮತ್ತು 263ರವರೆಗೆ ಇಳಿದರೂ ಸಾಮಾನ್ಯ ಚಿತ್ರಗಳಲ್ಲಿ ಕಣ್ಣಿಗೆ ಗೊತ್ತಾಗುವುದು ಕಷ್ಟ. ಕೂದಲು, ನೇಯ್ಗೆ, ಕಟ್ಟಡದ ಸರಳುಗಳಂಥ ಸಣ್ಣ ಗೆರೆಗಳಿದ್ದರೆ ಗೊತ್ತಾಗುತ್ತದೆ.

ಎ4 ಪುಟ 210×297 ಮಿ.ಮೀ. ನಾಲ್ಕೂ ಕಡೆ 3 ಮಿ.ಮೀ. ಬ್ಲೀಡ್ ಸೇರಿ 216×303. 300 ಪಿಪಿಐಗೆ 2551×3579 ಪಿಕ್ಸೆಲ್. ಜೋಡಿಪುಟ 426×303 ಮಿ.ಮೀ., 5032×3579 ಪಿಕ್ಸೆಲ್. 24 ಮೆಗಾಪಿಕ್ಸೆಲ್ ಕ್ಯಾಮೆರಾದ 6000×4000 ಇದಕ್ಕೆ ಆರಾಮಾಗಿ ಸಾಲುತ್ತದೆ, ಕ್ರಾಪ್ ಮಾಡದಿದ್ದರೆ. ವಿನ್ಯಾಸಕರು ಅಗಲದಲ್ಲಿ 60% ಮಾತ್ರ ಬಳಸಿದರೆ ಉಳಿಯುವುದು 3600 ಪಿಕ್ಸೆಲ್, ಅದು 215 ಪಿಪಿಐಗೆ ಇಳಿಯಿತು. ಈ ಲೆಕ್ಕವನ್ನು ಕ್ರಾಪ್ ಒಪ್ಪಿಕೊಳ್ಳುವ ಮೊದಲೇ ಮಾಡಿ ಹೇಳಿ. ಕಡಿಮೆ ಬಿದ್ದರೆ ಸಾಫ್ಟ್‌ವೇರಿನಿಂದ 120-130%ವರೆಗೆ ಹಿಗ್ಗಿಸುವುದು ಸುರಕ್ಷಿತ. ಅದಕ್ಕೂ ಮೇಲೆ ಹೋದರೆ ಚರ್ಮ ಮೇಣದಂತೆ, ಎಲೆಗಳು ಬಣ್ಣ ಬಳಿದಂತೆ ಕಾಣತೊಡಗುತ್ತವೆ. ಆಗ ಚಿತ್ರವನ್ನು ಪುಟದಲ್ಲಿ ಚಿಕ್ಕದು ಮಾಡಿಸುವುದೇ ಸರಿ.

ಬ್ಲೀಡಿಗೆ ಚಿತ್ರದಲ್ಲಿ ಜಾಗ ಉಳಿದಿದೆಯೋ ನೋಡಿ. ಕತ್ತರಿಸುವ ಗೆರೆಯಿಂದ ಒಳಗೆ 5 ಮಿ.ಮೀ. ತನಕ ಮುಖ್ಯವಾದದ್ದೇನೂ ಬರಬಾರದು, ಕತ್ತಿ ಪ್ರತಿ ಪ್ರತಿಯಲ್ಲೂ ಅದೇ ಗೆರೆಗೆ ಬೀಳುವುದಿಲ್ಲ. ಜೋಡಿಪುಟದಲ್ಲಿ ಮಡಿಕೆಯ ಮೇಲೆ ಮುಖ ಬಂದರೆ ವಿನ್ಯಾಸಕರಿಗೆ ತಕ್ಷಣ ತಿಳಿಸಿ. ಬೆನ್ನಿಗೆ ಅಂಟು ಹಾಕಿ ಕಟ್ಟುವ ಸಂಚಿಕೆಯಲ್ಲಿ ಪುಟ ಪೂರ್ತಿ ತೆರೆದುಕೊಳ್ಳುವುದಿಲ್ಲ, ಎರಡೂ ಕಡೆ ಕೆಲವು ಮಿಲಿಮೀಟರು ಒಳಗೆ ಮುಳುಗುತ್ತವೆ, ಮೂಗು ಅರ್ಧವಾಗುತ್ತದೆ.

ಆರ್‌ಜಿಬಿಯಲ್ಲಿ ತಿದ್ದುವುದು

ತಿದ್ದುವ ಕೆಲಸವೆಲ್ಲ ಕೆಂಪು-ಹಸಿರು-ನೀಲಿ ಬೆಳಕಿನ ಲೆಕ್ಕವಾದ ಆರ್‌ಜಿಬಿಯಲ್ಲಿ, 16 ಬಿಟ್‌ನಲ್ಲಿ. ಅಡೋಬಿ ಆರ್‌ಜಿಬಿ 1998 ಮುದ್ರಣಕ್ಕೆ ಹೊಂದುವ ಬಣ್ಣದ ಹರವು, ಅದಕ್ಕಿಂತ ಚಿಕ್ಕ ಹರವಾದ ಎಸ್‌ಆರ್‌ಜಿಬಿಯಲ್ಲಿ ಸಯಾನ್ ಮತ್ತು ಹಸಿರಿನ ಕೆಲವು ಛಾಯೆಗಳು ಕತ್ತರಿಸಿ ಹೋಗುತ್ತವೆ. ಪ್ರೊಫೈಲೇ ಇಲ್ಲದ ಫೈಲು ಬಂದರೆ ಎಸ್‌ಆರ್‌ಜಿಬಿ ಎಂದು ಅಸೈನ್ ಮಾಡಿ ನೋಡಿ, ಬಹುಪಾಲು ಸರಿಹೋಗುತ್ತದೆ. ಅಸೈನ್ ಬೇರೆ, ಕನ್ವರ್ಟ್ ಬೇರೆ. ಅಸೈನ್ ಅಂಕಿಗಳನ್ನು ಹಾಗೇ ಇಟ್ಟು ಅವುಗಳ ಅರ್ಥ ಬದಲಾಯಿಸುತ್ತದೆ, ಕನ್ವರ್ಟ್ ಕಾಣುವ ಬಣ್ಣವನ್ನು ಉಳಿಸಿ ಅಂಕಿಗಳನ್ನು ಬದಲಾಯಿಸುತ್ತದೆ. ಎರಡನ್ನೂ ಅದಲುಬದಲು ಮಾಡಿದ ಚಿತ್ರ ಒಂದೋ ಸೊರಗುತ್ತದೆ ಇಲ್ಲವೇ ಕೆರಳುತ್ತದೆ.

ಸರದಿ ಹೀಗೆ: ವೈಟ್ ಬ್ಯಾಲೆನ್ಸ್, ಒಟ್ಟಾರೆ ಬೆಳಕು, ಬೆಳಕು ಮತ್ತು ನೆರಳಿನ ತುದಿಗಳು, ಬಣ್ಣ, ಆಮೇಲೆ ಅಲ್ಲಲ್ಲಿನ ತಿದ್ದುಪಡಿ, ಕೊನೆಗೆ ಸೆನ್ಸರ್ ಧೂಳು. ಧೂಳನ್ನು ಮೊದಲೇ ತೆಗೆಯಲು ಕೂತರೆ ಆಮೇಲೆ ಕಾಂಟ್ರಾಸ್ಟ್ ಏರಿಸಿದಾಗ ಹೊಸ ಚುಕ್ಕಿಗಳು ಆಕಾಶದಲ್ಲಿ ಎದ್ದು ಬರುತ್ತವೆ.

ಬಿಳಿಯ ತುದಿ ಮುದ್ರಣದಲ್ಲಿ ಸುಮಾರು ಸಯಾನ್ 5, ಮಜೆಂಟಾ 3, ಹಳದಿ 3 ಶೇಕಡಾ ಆಗುವಂತೆ ಇರಲಿ. ಅದಕ್ಕಿಂತ ಕೆಳಗಿನ ಚುಕ್ಕಿ ಮುದ್ರಣದ ಪ್ಲೇಟಿನಲ್ಲೋ ಕಾಗದದಲ್ಲೋ ಕಳೆದುಹೋಗಿ ಬಿಳಿ ಅಂಗಿಯ ನಡುವೆ ಕಾಗದದ ತೂತು ಬಿದ್ದಂತೆ ಕಾಣುತ್ತದೆ, ಅಂಚು ಗೆರೆ ಎಳೆದಷ್ಟು ಸ್ಪಷ್ಟ. ನೀರಿನ ಮಿಂಚು, ಲೋಹದ ಹೊಳಪು ಪೂರ್ತಿ ಖಾಲಿಯಾದರೆ ಅಡ್ಡಿಯಿಲ್ಲ, ಅದು ಹಾಗೇ ಇರಬೇಕು.

ಒಂದು ತಪ್ಪು ತುಂಬ ಕಡೆ ನಡೆಯುತ್ತದೆ. ಪ್ರೆಸ್ಸಿನಲ್ಲಿ ಚುಕ್ಕಿ ಹಿಗ್ಗುತ್ತದೆ, 50% ಚುಕ್ಕಿ ಕಾಗದದ ಮೇಲೆ 65ರ ಆಸುಪಾಸು ಆಗುತ್ತದೆ ಎಂದು ತಿಳಿದವರು ನಡುಛಾಯೆಯನ್ನು ಕೈಯಿಂದ ಬೆಳಗಿಸುತ್ತಾರೆ. ಸರಿಯಾದ ಐಸಿಸಿ ಪ್ರೊಫೈಲಿಗೆ ತಿರುಗಿಸುವಾಗ ಆ ಹಿಗ್ಗುವಿಕೆಗೆ ಪರಿಹಾರ ಅದರೊಳಗೇ ಇದೆ. ನೀವು ಮತ್ತೆ ಬೆಳಗಿಸಿದರೆ ಎರಡು ಸಲ ಆಯಿತು, ಚಿತ್ರ ತೊಳೆದಂತೆ ಬರುತ್ತದೆ. ಕ್ಯಾಲಿಬ್ರೇಟ್ ಆದ ಸ್ಕ್ರೀನಿನಲ್ಲಿ ಸಾಫ್ಟ್ ಪ್ರೂಫ್ (ಅಚ್ಚು ಹೇಗೆ ಬರುತ್ತದೆ ಎಂದು ಸ್ಕ್ರೀನಿನಲ್ಲೇ ತೋರಿಸುವ ನೋಟ) ಹಾಕಿ ನೋಡಿ, ಅಲ್ಲಿ ಕಪ್ಪಗಿದ್ದರೆ ಮಾತ್ರ ತಿದ್ದಿ.

ಚರ್ಮದ ಬಣ್ಣಕ್ಕೆ ಹೆಚ್ಚು ಸಮಯ ಕೊಡಿ. ಇನ್ಫೊ ಪ್ಯಾಲೆಟ್ಟನ್ನು ಸಿಎಂವೈಕೆಗೆ ಇಟ್ಟು ಕೆನ್ನೆಯ ಅಥವಾ ಹಣೆಯ ನಡುಬೆಳಕಿನ ಜಾಗದಲ್ಲಿ ಅಳೆಯಿರಿ. ಬಹುತೇಕ ಎಲ್ಲ ಚರ್ಮಗಳಲ್ಲೂ ಹಳದಿ ಮಜೆಂಟಾಕ್ಕೆ ಸಮ ಇಲ್ಲವೇ ತುಸು ಹೆಚ್ಚು. ತಿಳಿ ಚರ್ಮದಲ್ಲಿ ಸಯಾನ್ ಮಜೆಂಟಾದ ಐದನೇ ಒಂದರಿಂದ ಮೂರನೇ ಒಂದು ಭಾಗ, ಕಂದು ಚರ್ಮದಲ್ಲಿ ಅರ್ಧದವರೆಗೆ. ಉದಾಹರಣೆಗೆ ನಡುಕಂದು ಮುಖಕ್ಕೆ ಸಯಾನ್ 25, ಮಜೆಂಟಾ 52, ಹಳದಿ 60, ಕಪ್ಪು 5 ನಂಬಬಹುದಾದ ಆರಂಭ. ಕಡುಗಪ್ಪು ಚರ್ಮದಲ್ಲಿ ಸಯಾನ್ ಇನ್ನೂ ಏರುತ್ತದೆ, ಅದು ಸಹಜ. ಉಳಿದ ಚರ್ಮಗಳಲ್ಲಿ ಸಯಾನ್ ಅರ್ಧ ದಾಟಿದರೆ ಮುಖ ಬೂದಿ ಬಡಿದಂತಾಗುತ್ತದೆ, ಮಜೆಂಟಾ ಹಳದಿಯನ್ನು ಮೀರಿದರೆ ಬಿಸಿಲಿಗೆ ಸುಟ್ಟಂತೆ. ಕಪ್ಪು ಮುಖಗಳನ್ನು ಬೆಳ್ಳಗೆ ಮಾಡುವುದೂ ಬೇಡ, ಇನ್ನಷ್ಟು ಕಪ್ಪು ಮಾಡುವುದೂ ಬೇಡ. 1994ರ ಜೂನ್‌ನಲ್ಲಿ ‘ಟೈಮ್’ ಪತ್ರಿಕೆ ಕೊಲೆ ಆರೋಪದಲ್ಲಿ ಬಂಧಿತರಾದ ಕಪ್ಪುವರ್ಣೀಯ ಮಾಜಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಒ.ಜೆ. ಸಿಂಪ್ಸನ್ ಅವರ ಪೊಲೀಸ್ ಫೋಟೊವನ್ನು ಗಾಢಗೊಳಿಸಿ ಮುಖಪುಟಕ್ಕೆ ಹಾಕಿತು. ಅದೇ ಫೋಟೊವನ್ನು ‘ನ್ಯೂಸ್‌ವೀಕ್’ ಆ ಗಾಢತೆಯಿಲ್ಲದೆ ಹಾಕಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟವರಿಗೆಲ್ಲ ವ್ಯತ್ಯಾಸ ಕಂಡಿತು, ‘ಟೈಮ್’ ತೀವ್ರ ಟೀಕೆ ಎದುರಿಸಿತು.

ಸುದ್ದಿ ಮತ್ತು ದಾಖಲೆ ಚಿತ್ರಗಳಲ್ಲಿ ಬೆಳಕು, ಬಣ್ಣ, ಧೂಳು, ಕ್ರಾಪ್ ಇಷ್ಟೇ. ಅಡ್ಡ ಬಂದ ತಂತಿಯೊಂದನ್ನು ಅಳಿಸಿಕೊಡಿ ಎಂದು ಪುಟದವರು ಕೇಳಿದರೂ ಕೈ ಹಚ್ಚಬೇಡಿ. 1982ರ ಫೆಬ್ರವರಿಯ ‘ನ್ಯಾಷನಲ್ ಜಿಯಾಗ್ರಫಿಕ್’ ಮುಖಪುಟಕ್ಕೆ ಅಡ್ಡ ಚಿತ್ರವೊಂದು ಲಂಬ ಜಾಗದಲ್ಲಿ ಕೂರಲೆಂದು ಗೀಜಾದ ಪಿರಮಿಡ್ಡುಗಳನ್ನು ಡಿಜಿಟಲ್ ಆಗಿ ಹತ್ತಿರಕ್ಕೆ ಸರಿಸಲಾಗಿತ್ತು. ಲೇಔಟಿಗೆ ಹೊಂದಿಸುವ ಒಂದು ಸಣ್ಣ ಅನುಕೂಲವಾಗಿ ಶುರುವಾದದ್ದು ಇಂದಿಗೂ ಪಾಠಗಳಲ್ಲಿ ತಪ್ಪಿನ ಉದಾಹರಣೆಯಾಗಿ ಉಳಿದಿದೆ.

ಶಾರ್ಪನಿಂಗ್

ಕೊನೆಯ ಅಳತೆಗೆ ತಂದ ಮೇಲೆ, ಸಿಎಂವೈಕೆಗೆ ತಿರುಗಿಸುವ ಸ್ವಲ್ಪ ಮುಂಚೆ. ಅದಕ್ಕೂ ಮೊದಲು ಮಾಡಿದರೆ ಅಳತೆ ಬದಲಾದಾಗ ಅಂಚಿನ ಬಿಳಿ ಗೆರೆಗಳೂ ಹಿಗ್ಗುತ್ತವೆ. 300 ಪಿಪಿಐ ಚಿತ್ರಕ್ಕೆ ಶಾರ್ಪ್ ಮಾಡುವ ಫಿಲ್ಟರಾದ ಅನ್‌ಶಾರ್ಪ್ ಮಾಸ್ಕ್‌ನಲ್ಲಿ ಅಮೌಂಟ್ 100ರಿಂದ 150, ರೇಡಿಯಸ್ 1ರಿಂದ 1.5, ಥ್ರೆಷೋಲ್ಡ್ 2ರಿಂದ 4. ಪ್ರತ್ಯೇಕ ಲೇಯರಿನಲ್ಲಿ ಮಾಡಿ ಲ್ಯೂಮಿನಾಸಿಟಿ ಮೋಡ್‌ಗೆ ಇಟ್ಟರೆ ಅಂಚಿನಲ್ಲಿ ಬಣ್ಣ ಚೆಲ್ಲುವುದಿಲ್ಲ. 100%ನಲ್ಲಿ ನೋಡಿದಾಗ ಸ್ವಲ್ಪ ಗರಿಗರಿ ಅನ್ನಿಸುವಷ್ಟು ಬೇಕು, ಇಂಕು ಹರಡಿ ಅದು ಮೆತ್ತಗಾಗುತ್ತದೆ. ಲೇಪನವಿಲ್ಲದ ಕಾಗದಕ್ಕೆ ಇನ್ನೂ ತುಸು ಹೆಚ್ಚು. ಮುಖದ ಚರ್ಮವನ್ನು ಮಾಸ್ಕ್ ಮಾಡಿ (ಶಾರ್ಪನಿಂಗ್ ತಾಗದಂತೆ ಮರೆಮಾಡಿ) ಕಣ್ಣು, ರೆಪ್ಪೆ, ತುಟಿ, ಕೂದಲಿಗೆ ಮಾತ್ರ ಬಿಡಿ.

ಸಿಎಂವೈಕೆಗೆ ತಿರುಗಿಸುವುದು

ಇದನ್ನು ಒಂದೇ ಸಲ, ಕಾಪಿಯ ಮೇಲೆ, ಎಲ್ಲ ತಿದ್ದುಪಡಿ ಮುಗಿದ ಮೇಲೆ ಮಾಡಿ. ಲೇಯರುಗಳಿರುವ ಆರ್‌ಜಿಬಿ ಮೂಲ ಹಾಗೇ ಇರಲಿ. ಕಾಗದ ಬದಲಾಯಿತು ಎಂದು ರಾತ್ರಿ ಹನ್ನೊಂದಕ್ಕೆ ಫೋನ್ ಬಂದರೆ ಅಲ್ಲಿಂದ ಐದು ನಿಮಿಷದಲ್ಲಿ ಹೊಸ ಬ್ಯಾಚ್ ತೆಗೆಯಬಹುದು. ಒಮ್ಮೆ ಸಿಎಂವೈಕೆ ಆದದ್ದನ್ನು ಆರ್‌ಜಿಬಿಗೆ ತಂದು ಮತ್ತೆ ಸಿಎಂವೈಕೆ ಮಾಡಿದರೆ ಕಳೆದ ಬಣ್ಣ ಮರಳಿ ಬರುವುದಿಲ್ಲ, ಕಪ್ಪು ಚಾನೆಲ್ಲಿನ ಹಂಚಿಕೆಯೂ ಕೆಡುತ್ತದೆ.

ಪ್ರೊಫೈಲಿನೊಳಗೇ ಒಟ್ಟು ಇಂಕ್ ಮಿತಿ ಅಡಗಿರುತ್ತದೆ. ಐಎಸ್‌ಒ ಕೋಟೆಡ್ ವಿ2ದಲ್ಲಿ 330%, ಯುಎಸ್ ವೆಬ್ ಕೋಟೆಡ್ ಸ್ವಾಪ್ ವಿ2ದಲ್ಲಿ 300%, ನ್ಯೂಸ್‌ಪ್ರಿಂಟಿಗೆ 240%ರ ಸುತ್ತ. ನಾಲ್ಕು ಬಣ್ಣ ಸೇರಿ 400 ಆಗುವ ಜಾಗದಲ್ಲಿ ಇಂಕು ಒಣಗುವುದಿಲ್ಲ, ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ, ತೆಳು ಕಾಗದದಲ್ಲಿ ಹಿಂದಿನ ಪುಟಕ್ಕೆ ತೋರುತ್ತದೆ. ಪ್ರೊಫೈಲ್ ಸರಿಯಿದ್ದರೆ ತಿರುಗಿಸಿದ ಕ್ಷಣದಲ್ಲಿ ಮಿತಿ ದಾಟುವುದಿಲ್ಲ. ದಾಟುವುದು ಆಮೇಲೆ, ಸಿಎಂವೈಕೆಯಲ್ಲಿ ಕರ್ವ್ಸ್ ಎಳೆದಾಗ ಅಥವಾ ನಾಲ್ಕೂ ಬಣ್ಣದ ಕಪ್ಪನ್ನು ಬ್ರಷ್‌ನಿಂದ ತುಂಬಿದಾಗ. ಇನ್ಫೊ ಪ್ಯಾಲೆಟ್ಟಿನ ಎರಡನೇ ಓದನ್ನು ಟೋಟಲ್ ಇಂಕ್‌ಗೆ ಇಟ್ಟು ಅತಿ ಕಪ್ಪಾದ ಮೂರು ನಾಲ್ಕು ಜಾಗಗಳಲ್ಲಿ ನೋಡಿಬಿಡಿ.

ರೆಂಡರಿಂಗ್ ಇಂಟೆಂಟ್ (ಕಾಗದಕ್ಕೆ ಬಾರದ ಬಣ್ಣಗಳನ್ನು ಹೇಗೆ ಒಳಗೆ ತರಬೇಕೆಂಬ ಆಯ್ಕೆ) ಸಾಮಾನ್ಯವಾಗಿ ರಿಲೇಟಿವ್ ಕಲರಿಮೆಟ್ರಿಕ್, ಬ್ಲ್ಯಾಕ್ ಪಾಯಿಂಟ್ ಕಾಂಪೆನ್ಸೇಷನ್ (ಮೂಲದ ಕಪ್ಪನ್ನು ಕಾಗದದ ಕಪ್ಪಿಗೆ ಹೊಂದಿಸುವುದು) ಹಾಕಿ. ಕಡುಕೆಂಪು ಹೂವು, ರೇಷ್ಮೆ, ವೇದಿಕೆಯ ದೀಪಗಳಂಥ ಚಿತ್ರದಲ್ಲಿ ಬಣ್ಣವೆಲ್ಲ ಒಂದೇ ಮುದ್ದೆಯಾಗಿ ಒಳಗಿನ ವಿವರ ಕಳೆದರೆ ಪರ್ಸೆಪ್ಚುಯಲ್ ಹಾಕಿ ಹೋಲಿಸಿ. ಗ್ಯಾಮಟ್ ವಾರ್ನಿಂಗ್ (ಇಂಕಿನಲ್ಲಿ ಬಾರದ ಬಣ್ಣದ ಎಚ್ಚರಿಕೆ) ಬೆಳಗಿತೆಂದು ಇಡೀ ಚಿತ್ರದ ಸ್ಯಾಚುರೇಷನ್ (ಬಣ್ಣದ ಗಾಢತೆ) ಇಳಿಸಬೇಡಿ, ತಿದ್ದಬೇಕಿಲ್ಲದ ಬಣ್ಣಗಳೂ ಸೊರಗುತ್ತವೆ. ಆ ಒಂದು ಬಣ್ಣದ ಮೇಲೆ ಮಾತ್ರ ಕೆಲಸ ಮಾಡಿ.

ನೀಲಿ ಹೆಚ್ಚು ಕಾಡುತ್ತದೆ. ಸ್ಕ್ರೀನಿನ ಕಡುನೀಲಿ ಕಾಗದದಲ್ಲಿ ನೇರಳೆಯಾಗುತ್ತದೆ. ಕಾರಣ, ಮಜೆಂಟಾ ಸಯಾನಿಗೆ ತೀರಾ ಹತ್ತಿರ ಬಂದಿರುತ್ತದೆ. ಎರಡರ ನಡುವೆ ಕನಿಷ್ಠ 30 ಅಂತರ ಇರಲಿ: ಸಯಾನ್ 100 ಇದ್ದರೆ ಮಜೆಂಟಾ 70 ದಾಟದಿರಲಿ. ಬೂದು ಬಣ್ಣದಲ್ಲಿ ಸಯಾನ್ ಮುಂದಿರಬೇಕು, ನಡುಬೂದಿಗೆ ಸಯಾನ್ 50, ಮಜೆಂಟಾ 40, ಹಳದಿ 40 ಆಸುಪಾಸು. ಮೂರೂ ಸಮವಾಗಿದ್ದರೆ ಅದು ಬೂದಲ್ಲ, ಕಂದು.

ಕಪ್ಪುಬಿಳುಪು ಚಿತ್ರ ಒಂದೇ ಕಪ್ಪಿನಲ್ಲೋ ನಾಲ್ಕು ಬಣ್ಣದಲ್ಲೋ ಎಂದು ಕೇಳಿಕೊಳ್ಳಿ. ಒಂದೇ ಕಪ್ಪಿನಲ್ಲಿ ನೆರಳಿಗೆ ಆಳ ಕಡಿಮೆ, ಬಣ್ಣದ ಛಾಯೆ ಹತ್ತುವ ಭಯವಿಲ್ಲ. ನಾಲ್ಕು ಬಣ್ಣದಲ್ಲಿ ಆಳ ಬರುತ್ತದೆ, ಆದರೆ ಪ್ರೆಸ್ ತುಸು ಹೆಚ್ಚು ಮಜೆಂಟಾ ಬಿಟ್ಟರೂ ಪುಟ ಗುಲಾಬಿ ತಿರುಗುತ್ತದೆ. ಗಡುವು ಬಿಗಿಯಾಗಿದ್ದು ಪ್ರೂಫ್ ನೋಡಲಾಗದಿದ್ದರೆ ಒಂದೇ ಕಪ್ಪನ್ನು ಆರಿಸಿ.

ಸಣ್ಣ ಚಿತ್ರಗಳ ಬ್ಯಾಚ್

25 ಸಣ್ಣ ಚಿತ್ರಗಳಿಗೆ ಆಕ್ಷನ್ (ಹಂತಗಳನ್ನು ತಾನಾಗಿಯೇ ನಡೆಸುವ ಪಟ್ಟಿ) ಬರೆದಿಟ್ಟುಕೊಳ್ಳಿ: ಅಳತೆ, ಶಾರ್ಪ್, ಕನ್ವರ್ಟ್, 8 ಬಿಟ್, ಸೇವ್. ಬಣ್ಣದ ತಿದ್ದುಪಡಿಯನ್ನು ಅದರೊಳಗೆ ಹಾಕಬೇಡಿ. ಬದಲಿಗೆ ಒಂದೇ ಬೆಳಕಿನಲ್ಲಿ ತೆಗೆದ ಚಿತ್ರಗಳನ್ನು ಗುಂಪು ಮಾಡಿ, ಒಂದನ್ನು ತಿದ್ದಿ, ಅದೇ ಸೆಟ್ಟಿಂಗನ್ನು ಉಳಿದವಕ್ಕೆ ಅಂಟಿಸಿ. ಬ್ಯಾಚನ್ನು ಮೊದಲು ಮೂರು ಚಿತ್ರಗಳ ಮೇಲೆ ಓಡಿಸಿ ಅಂಕಿ ನೋಡಿ, ಆಮೇಲೆ ಎಲ್ಲದರ ಮೇಲೆ. ಫಲಿತಾಂಶ ಬೇರೆ ಫೋಲ್ಡರಿಗೆ ಬೀಳಲಿ.

ಪ್ರೂಫ್

ಎಲ್ಲ ಚಿತ್ರಕ್ಕೂ ಪ್ರೂಫ್ ತೆಗೆಯಲು ಹೊತ್ತಿಲ್ಲದಿದ್ದರೆ ಮುಖಪುಟ, ಮುಖಗಳಿರುವ ಜೋಡಿಪುಟಗಳು, ಬಣ್ಣವೇ ವಿಷಯವಾಗಿರುವ ಪುಟಗಳು ಇಷ್ಟಕ್ಕೆ ತೆಗೆಯಿರಿ. ಸಣ್ಣವನ್ನೆಲ್ಲ ಒಂದೇ ಹಾಳೆಯಲ್ಲಿ ಸಾಲಾಗಿ ಹಾಕಿ. ಪ್ರೂಫಿನ ಅಂಚಿನಲ್ಲಿ ಫೋಗ್ರಾ ಮೀಡಿಯಾ ವೆಜ್ ಪಟ್ಟಿ (ಅಳೆಯಲೆಂದು ಹಾಕುವ ಬಣ್ಣದ ಚೌಕಗಳು) ಇರಲಿ. ಅದನ್ನು ಅಳೆದು ಐಎಸ್‌ಒ 12647-7 ಎಂಬ ಪ್ರೂಫ್ ಮಾನದಂಡದ ಮಿತಿಯೊಳಗಿದೆ ಎಂದು ತೋರಿಸಿದರೆ ಮಾತ್ರ ಪ್ರೆಸ್ಸಿನವರು ಅದನ್ನು ಕರಾರಿನ ಪ್ರೂಫ್ ಎಂದು ಒಪ್ಪುತ್ತಾರೆ. ಇಲ್ಲದಿದ್ದರೆ ಅದು ಚಂದದ ಪ್ರಿಂಟ್ ಅಷ್ಟೇ. ಇಂಕ್‌ಜೆಟ್ಟಿನಿಂದ ಹೊರಬಂದ ಹಾಳೆಯನ್ನು ತಕ್ಷಣ ಅಳೆಯಬೇಡಿ, ಹದಿನೈದು ನಿಮಿಷ ಆರಲಿ. ಹಸಿ ಇಂಕಿನ ಬಣ್ಣ ಬೇರೆ.

ತಿದ್ದುಪಡಿಯನ್ನು ಮತ್ತೆ ಆರ್‌ಜಿಬಿ ಮೂಲದಲ್ಲೇ ಮಾಡಿ. ಒಂದೆರಡು ಶೇಕಡಾ ಮಾತ್ರ ಬದಲಾಗಬೇಕಿದ್ದರೆ ಸಿಎಂವೈಕೆಯಲ್ಲಿ ಮಾಡಿದರೂ ನಡೆದೀತು, ಆದರೆ ಆ ತಿದ್ದುಪಡಿಯನ್ನು ಗೋಡೆಯ ಹಾಳೆಯಲ್ಲಿ ಬರೆದಿಡಿ.

ಕಳಿಸುವುದು

ಲೇಯರುಗಳನ್ನು ಕೂಡಿಸಿ, ಬೇಡದ ಆಲ್ಫಾ ಚಾನೆಲ್ ಅಳಿಸಿ, 8 ಬಿಟ್ ಟಿಫ್ ಆಗಿ ಪ್ರೊಫೈಲ್ ಸಮೇತ ಸೇವ್ ಮಾಡಿ. ಕಟೌಟ್ ಚಿತ್ರದ ಕ್ಲಿಪ್ಪಿಂಗ್ ಪಾತ್ (ಹಿನ್ನೆಲೆ ಕತ್ತರಿಸುವ ಗೆರೆ) ಮಾತ್ರ ಉಳಿಯಲಿ. ಜೆಪಿಇಜಿ ಕೇಳಿದರೆ ಗುಣಮಟ್ಟ ಅತಿ ಹೆಚ್ಚಿನದಕ್ಕೆ ಇಟ್ಟು ಒಂದೇ ಸಲ ಸೇವ್ ಮಾಡಿ. ತೆರೆದು, ತಿದ್ದಿ, ಮತ್ತೆ ಸೇವ್ ಮಾಡಿದಾಗಲೆಲ್ಲ ಆಕಾಶದಲ್ಲಿ ಚೌಕಗಳು ಏಳುತ್ತವೆ. ಪುಟವನ್ನು ಪಿಡಿಎಫ್ ಆಗಿ ಕಳಿಸುವವರು ಪಿಡಿಎಫ್/ಎಕ್ಸ್-1ಎ ಮತ್ತು ಎಕ್ಸ್-4 ಎಂಬ ಮುದ್ರಣದ ಪಿಡಿಎಫ್ ಬಗೆಗಳಲ್ಲಿ ಪ್ರೆಸ್ ಯಾವುದನ್ನು ತೆಗೆದುಕೊಳ್ಳುತ್ತದೆ ಎಂದು ಕೇಳಿರಲಿ. ಎಕ್ಸ್-1ಎಯಲ್ಲಿ ಆರ್‌ಜಿಬಿ ಚಿತ್ರಕ್ಕೂ ಪಾರದರ್ಶಕತೆಗೂ ಜಾಗವಿಲ್ಲ, ಎಕ್ಸ್-4ರಲ್ಲಿ ಎರಡಕ್ಕೂ ಇದೆ.

ಕಂಪ್ರೆಸ್ ಮಾಡದ ಜೋಡಿಪುಟ ಸುಮಾರು 72 ಎಂಬಿ, ಪೂರ್ಣಪುಟ 36ರಿಂದ 37. ಮೇಲಿನ 40 ಚಿತ್ರಗಳು ಸೇರಿ 900 ಎಂಬಿ ಆಜುಬಾಜು. ಸೆಕೆಂಡಿಗೆ 20 ಮೆಗಾಬಿಟ್ ಅಪ್‌ಲೋಡ್ ಇದ್ದರೆ ಆರು ನಿಮಿಷ, 5 ಇದ್ದರೆ 24 ನಿಮಿಷ. ಇಂಟರ್ನೆಟ್ ಕಂಪನಿ ಹೇಳುವ ವೇಗ ಹೆಚ್ಚಾಗಿ ಡೌನ್‌ಲೋಡಿನದು, ಅಪ್‌ಲೋಡನ್ನು ಪ್ರತ್ಯೇಕ ಅಳೆದಿಟ್ಟುಕೊಳ್ಳಿ. ಎಲ್ಲ ಮುಗಿಯಲಿ ಎಂದು ಕಾಯದೆ ಮುಗಿದ ಲೇಖನಗಳನ್ನು ಕಂತುಗಳಲ್ಲಿ ಕಳಿಸುತ್ತಿರಿ. ಕಳಿಸಿದ ಮೇಲೆ ಒಂದು ದೊಡ್ಡ ಫೈಲನ್ನು ನೀವೇ ಡೌನ್‌ಲೋಡ್ ಮಾಡಿ ತೆರೆದು ನೋಡಿ, ಅರ್ಧಕ್ಕೆ ನಿಂತ ಟಿಫ್‌ನ ಕೆಳಭಾಗ ಖಾಲಿ ಇರುತ್ತದೆ. ಪ್ರೆಸ್ಸಿಗೆ ಫೋನ್ ಮಾಡಿ ಫೈಲುಗಳ ಎಣಿಕೆ ಓದಿಸಿಕೊಳ್ಳಿ.

ಆಮೇಲೂ ಬದಲಾವಣೆ ಬಂದರೆ ಹಳೆಯ ಹೆಸರಿನ ಮೇಲೆ ಹೊಸ ಫೈಲು ಹಾಕಬೇಡಿ. ಆವೃತ್ತಿ ಸಂಖ್ಯೆ ಏರಿಸಿ, ‘ಪುಟ 046ರಲ್ಲಿ ಆವೃತ್ತಿ 2 ತೆಗೆದು ಆವೃತ್ತಿ 3 ಹಾಕಿ’ ಎಂದು ಬರೆದು, ವಿನ್ಯಾಸಕರಿಗೂ ಪ್ರೆಸ್ಸಿಗೂ ಒಂದೇ ಮೇಲ್‌ನಲ್ಲಿ ಕಳಿಸಿ. ಪ್ಲೇಟ್ ಆಗಿಬಿಟ್ಟಿದೆಯೋ ಎಂದು ಕೇಳುವುದನ್ನು ಮರೆಯಬೇಡಿ.

ಅಚ್ಚಾದ ಸಂಚಿಕೆ ಬಂದ ದಿನ ಡಿ50 ದೀಪದ ಕೆಳಗೆ ಅದನ್ನು ಪ್ರೂಫಿನ ಪಕ್ಕ ಇಡಿ. ಎಲ್ಲ ಪುಟಗಳೂ ಒಂದೇ ಕಡೆಗೆ ವಾಲಿದ್ದರೆ, ಉದಾಹರಣೆಗೆ ಎಲ್ಲವೂ ತುಸು ಕೆಂಪು, ಅದು ಪ್ರೆಸ್ಸಿನದೋ ಪ್ರೊಫೈಲಿನದೋ. ಒಂದೇ ಚಿತ್ರ ವಾಲಿದ್ದರೆ ಅದು ಲ್ಯಾಬಿನದು. ಯಾವ ಪುಟ, ಯಾವ ಬಣ್ಣ, ಎಷ್ಟು ಎಂದು ಗೋಡೆಯ ಅದೇ ಹಾಳೆಯ ಬೆನ್ನಿನಲ್ಲಿ ಬರೆದು ಮುಂದಿನ ಸಂಚಿಕೆಯ ಫೋಲ್ಡರಿನಲ್ಲಿ ಹಾಕಿಡಿ.